ಮೂರನೇ ಸಲ ಕೇಳದ ಬಾಗಿಲು

ಲಿಂಡ್ವಿಕ್ ಊರಿನಲ್ಲಿ ಬೀಗ ಅನ್ನುವುದು ಗುನ್ನಾರನ ಅಂಗಡಿಯಲ್ಲಿ ನೇತುಹಾಕುವ ವಸ್ತುವೇ ಹೊರತು ಯಾರೂ ಮನೆಗೆ ಹಾಕುವ ವಸ್ತುವಲ್ಲ. ಉತ್ತರ ಮಿನೆಸೋಟದ ಆ ಮೂಲೆಯಲ್ಲಿ ಕಳ್ಳರ ಭಯ ಯಾರಿಗೂ ಇಲ್ಲ. ಯಾರಾದರೂ ಬಂದಾಗ ಬಾಗಿಲು ಹಾಕಿದ್ದರೆ ಅವರು ಏನಂದುಕೊಂಡಾರೋ ಅನ್ನುವ ಭಯ ಮಾತ್ರ ಎಲ್ಲರಿಗೂ ಉಂಟು. ಅಂಥ ಊರಿನಲ್ಲಿ, ಮೂವತ್ತೊಂದು ವರ್ಷ ಕೌಂಟಿಯ ಹಿಮ ತೆಗೆಯುವ ಲಾರಿ ಓಡಿಸಿ ನಿವೃತ್ತನಾದ ಹಾರ್ಲನ್ ಟ್ವೇಟ್ ಎಂಬ ಮಹಾನುಭಾವ ಮನೆಗೆ ಬೀಗ ಹಾಕಿಸಿದ. ಅದೂ ಎಂಥ ಬೀಗ, ಕೀಲಿಕೈಯೇ ಇಲ್ಲದ ಬೀಗ.

ಇದಕ್ಕೆಲ್ಲ ಮೂಲ ಅವನ ಹೆಂಡತಿಯ ತಮ್ಮ ಲೋವೆಲ್. ನವೆಂಬರಿನ ಹಬ್ಬದೂಟಕ್ಕೆ ಹಾರ್ಲನ್ ದಂಪತಿಗಳು ಮಿನಿಯಾಪೊಲಿಸ್‌ನಲ್ಲಿರುವ ಅವನ ಮನೆಗೆ ಹೋಗಿದ್ದರು. ಲೋವೆಲ್ ಸೋಫಾದ ಮೇಲೆ ಕೂತಲ್ಲಿಂದಲೇ ದೀಪ ಹತ್ತಿಸಿದ, ಪರದೆ ಸರಿಸಿದ, ಅಡುಗೆಮನೆಯಲ್ಲಿ ಬೇಯುತ್ತಿದ್ದ ಟರ್ಕಿ ಕೋಳಿಯ ಶಾಖ ಇಳಿಸಿದ. ಆಮೇಲೆ ಎಲ್ಲರೆದುರಿಗೆ, "ಭಾವ, ನೀವಿದಕ್ಕೆಲ್ಲ ಆಸೆ ಪಡಬೇಡಿ. ಟೋಸ್ಟರ್‌ಗೇ ಎರಡು ಸಲ ಬೆಂಕಿ ಹಚ್ಚಿದೋರು ನೀವು" ಅಂದ. ಎಲ್ಲರೂ ನಕ್ಕರು. ಹಾರ್ಲನ್ ಎಲ್ಲರಿಗಿಂತ ಜೋರಾಗಿ ನಕ್ಕ. ಅಷ್ಟು ಜೋರಾಗಿ ನಗುವ ಗಂಡಸು ಒಳಗೊಳಗೇ ಏನೋ ತೀರ್ಮಾನ ಮಾಡುತ್ತಿರುತ್ತಾನೆ ಅನ್ನುವುದು ಅವನ ಹೆಂಡತಿ ಆರ್ಡಿಸ್‌ಗೆ ಗೊತ್ತಿತ್ತು.

ಊರಿಗೆ ಬಂದ ಮರುದಿನವೇ ಗುನ್ನಾರನ ಅಂಗಡಿಗೆ ಹೋಗಿ, ಬಾಗಿಲ ಬೀಗ, ಕರೆಗಂಟೆಯಲ್ಲಿ ಕೂರುವ ಕ್ಯಾಮೆರಾ, ಹೇಳಿದ ಮಾತು ಕೇಳುವ ಒಲೆ, ಇವೆಲ್ಲದರ ಪರವಾಗಿ ಮಾತಾಡುವ ಒಂದು ಪೆಟ್ಟಿಗೆ, ಎಲ್ಲವನ್ನೂ ತಂದ. ಆ ಪೆಟ್ಟಿಗೆಗೆ ಒಬ್ಬ ಹೆಂಗಸಿನ ದನಿಯಿತ್ತು. ಹಾರ್ಲನ್ ಫೋನು ಜೇಬಿನಲ್ಲಿಟ್ಟುಕೊಂಡು ಹೊಸ್ತಿಲ ಹತ್ತಿರ ಬಂದರೆ ಸಾಕು, ಬಾಗಿಲು ತಾನಾಗಿ ತೆರೆದುಕೊಂಡು "ಸುಸ್ವಾಗತ, ಹಾರ್ಲನ್" ಅನ್ನುತ್ತಿತ್ತು. ಹೀಗೆ ಅನ್ನಿಸಿಕೊಳ್ಳಲೆಂದೇ ಅವನು ದಿನಕ್ಕೆ ಏಳೆಂಟು ಸಲ ಕಸ ಹಾಕಲು ಹೊರಗೆ ಹೋಗುತ್ತಿದ್ದ.

"ಪಾಸ್‌ವರ್ಡ್ ಇಪ್ಪತ್ತಾರು ಅಕ್ಷರ ಇದೆ. ಅದು ನನಗೇ ಗೊತ್ತಿಲ್ಲ, ಫೋನ್ ತಾನೇ ಮಾಡ್ಕೊಂಡು ತಾನೇ ಇಟ್ಕೊಂಡಿದೆ" ಎಂದು ಚರ್ಚಿನ ಕಾಫಿಯ ಹೊತ್ತಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. "ನನಗೇ ಗೊತ್ತಿಲ್ಲ ಅಂದ್ಮೇಲೆ ಕಳ್ಳನಿಗೆ ಎಲ್ಲಿಂದ ಗೊತ್ತಾಗುತ್ತೆ?"

ಕೇಳಿದವರು "ಅದೂ ಸರಿಯೇ" ಅನ್ನುತ್ತಿದ್ದರು. ಲಿಂಡ್ವಿಕ್‌ನಲ್ಲಿ ಎದುರಿಗಿರುವವನು ಎಂಥ ಮೂರ್ಖ ಮಾತಾಡಿದರೂ ಹಾಗನ್ನುವುದು ಪದ್ಧತಿ.

ಇನ್ನು ಜನವರಿಯ ಆ ಶನಿವಾರ. ಅಂದು ಹಾರ್ಲನ್, ಆರ್ಡಿಸ್ ಮದುವೆಯಾಗಿ ನಲವತ್ತು ವರ್ಷ. ಜನವರಿಯ ಕೊರೆಯುವ ಚಳಿಯಲ್ಲಿ ಯಾಕೆ ಮದುವೆಯಾದರು ಎಂದರೆ, ಬೇಸಿಗೆಯ ಶನಿವಾರಗಳೆಲ್ಲ ಮೀನು ಹಿಡಿಯಲು ಮೀಸಲಾಗಿದ್ದವು. ಹೋದ ವರ್ಷ ಚಳಿಗಾಲದ ಆ ದಿನವನ್ನೂ ಮೀನಿಗೇ ಕೊಟ್ಟು, ಮದುವೆಯ ದಿನವನ್ನೇ ಮರೆತು, ರಾತ್ರಿ ಊಟದ ಹೊತ್ತಿಗೆ ಮನೆಗೆ ಬಂದಿದ್ದ. ಆಗ ಆರ್ಡಿಸ್ "ಪರವಾಗಿಲ್ಲ ಬಿಡು" ಅಂದಿದ್ದಳು. ಆ ಊರಿನಲ್ಲಿ ಹೆಂಡತಿ ಕೂಗಾಡಿದರೆ ಗಂಡ ನಿಶ್ಚಿಂತೆಯಾಗಿ ಮಲಗಬಹುದು. "ಪರವಾಗಿಲ್ಲ" ಅಂದರೆ ಮಾತ್ರ ಮುಂದಿನ ಒಂದು ವರ್ಷ ಎದೆಯಲ್ಲಿ ಅವಲಕ್ಕಿ ಕುಟ್ಟುತ್ತಿರುತ್ತದೆ. ಹಾರ್ಲನ್ ಮರೆಗುಳಿ, ಜಂಬದವನು, ಎಲ್ಲ ನಿಜ. ಆದರೆ ಹೆಂಡತಿಯೆಂದರೆ ಅವನಿಗೆ ಪ್ರಾಣ. ಈ ಸಲ ಮಾತ್ರ ಏನೂ ತಪ್ಪಬಾರದು ಎಂದು ಹಟ ಹಿಡಿದಿದ್ದ.

ಆರ್ಡಿಸ್ ಗುರುವಾರವೇ ಫಾರ್ಗೋದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಳು, ಶನಿವಾರ ಸಂಜೆ ಐದಕ್ಕೆ ಬರುವವಳು. ಅವಳಿಗೆ ಗೊತ್ತಾಗದ ಹಾಗೆ ಹಾರ್ಲನ್ ಮೂವತ್ತು ಜನರನ್ನು ಊಟಕ್ಕೆ ಕರೆದ. ಮೇಜಿನ ಮೇಲೆ ಅವಳ ತಾಯಿಯ ಕಸೂತಿ ಬಟ್ಟೆ ಹಾಸಿದ. ಕೇಕು ತಂದಿಟ್ಟ. ಹಂದಿಯ ದೊಡ್ಡ ತೊಡೆಯೊಂದಕ್ಕೆ ಜೇನು, ಲವಂಗ ಹಚ್ಚಿ ಒಲೆಯೊಳಗಿಟ್ಟು, ಮಧ್ಯಾಹ್ನ ಮೂರಕ್ಕೆ ತಾನಾಗಿ ಹೊತ್ತಿಕೊಳ್ಳಬೇಕೆಂದು ಒಲೆಗೆ ಅಪ್ಪಣೆ ಮಾಡಿದ. ಎಲ್ಲ ಮುಗಿದಾಗ ಇನ್ನೂ ಬೆಳಿಗ್ಗೆ ಹತ್ತು ಗಂಟೆ. ಆರ್ಡಿಸ್‌ಗೆ ಬೆಣ್ಣೆಯಲ್ಲಿ ಹುರಿದ ವಾಲೈ ಮೀನೆಂದರೆ ಇಷ್ಟ. ಒಂದೇ ಒಂದು ಸಿಕ್ಕಿದರೆ ಸಾಕು ಎಂದುಕೊಂಡು, ಮಂಜುಗಟ್ಟಿದ ಕೆರೆಯ ಮೇಲೆ ನಡೆದುಹೋಗಿ, ತೂತು ಕೊರೆದು, ಬಕೆಟ್ ಬೋರಲು ಹಾಕಿಕೊಂಡು ಕೂತ.

ಸಿಕ್ಕಿತು. ಮೊಣಕೈಯುದ್ದದ ಮೀನು. ಅಲ್ಲಿಗೆ ಎದ್ದು ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಲೋವೆಲ್‌ಗೆ ಇದರ ಫೋಟೋ ಕಳಿಸಬೇಡವೇ? ಒಂದು ಕೈಯಲ್ಲಿ ಮೀನು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ತೂತಿನ ಮೇಲೆ ಬಗ್ಗಿದ. ಮೀನು ಬಾಲದಿಂದ ಒಂದು ಬಾರಿಸಿತು. ಮೀನು ಕೈಯಲ್ಲೇ ಉಳಿಯಿತು. ಫೋನು ತೂತಿನೊಳಗೆ ಡುಬುಕ್ಕೆಂದಿತು.

"ಹೋಗ್ಲಿ ಬಿಡು, ಮೀನಂತೂ ಉಳೀತಲ್ಲ" ಅಂದುಕೊಂಡ ಹಾರ್ಲನ್. ಲಿಂಡ್ವಿಕ್‌ನ ಯಾವ ಗಂಡಸಾದರೂ ಹಾಗೇ ಅಂದುಕೊಳ್ಳುತ್ತಿದ್ದ. ತನ್ನ ಮನೆ, ಒಲೆ, ಊಟ, ತಾನು ಹಾರ್ಲನ್ ಅನ್ನುವುದಕ್ಕಿದ್ದ ಪುರಾವೆ ಎಲ್ಲವೂ ಕೆರೆಯ ತಳ ಸೇರಿತೆಂದು ಅವನಿಗೆ ಹೊಳೆದದ್ದು ಎರಡು ಗಂಟೆಗೆ ಮನೆ ಮುಂದೆ ಬಂದು ನಿಂತಾಗ.

"ಬಾಗಿಲಲ್ಲಿ ಮುಸುಕುಧಾರಿ ಅಪರಿಚಿತರೊಬ್ಬರು ನಿಂತಿದ್ದಾರೆ" ಎಂದಿತು ಮನೆ.

"ನಾನೇ ಕಣಮ್ಮ!" ಎಂದು ಹಾರ್ಲನ್ ಮುಖ ಮುಚ್ಚಿದ್ದ ಉಣ್ಣೆಯ ಗವುಸು ಎಳೆದು ತೆಗೆದ.

"ಬಾಗಿಲಲ್ಲಿ ಅಪರಿಚಿತರೊಬ್ಬರು ನಿಂತಿದ್ದಾರೆ."

ಮುಸುಕು ಹೋಯಿತು, ಅಪರಿಚಿತತನ ಹೋಗಲಿಲ್ಲ. ಯಾಕೆಂದರೆ ಮನೆಗೆ ಮುಖ ತೋರಿಸಿ ಪರಿಚಯ ಮಾಡಿಕೊಂಡದ್ದು ನವೆಂಬರಿನಲ್ಲಿ, ನುಣ್ಣಗೆ ಬೋಳಿಸಿದ ಗಲ್ಲದಲ್ಲಿ. ಈಗ ಅಲ್ಲಿ ಏಳು ವಾರದ ಚಳಿಗಾಲದ ಗಡ್ಡವಿತ್ತು, ಗಡ್ಡದ ತುಂಬ ಮಂಜುಗಡ್ಡೆಯಿತ್ತು. ಫೋನು ಜೇಬಿನಲ್ಲಿದ್ದಷ್ಟು ದಿನ ಮನೆ ಅವನ ಮುಖದ ಕಡೆ ನೋಡುವ ಗೋಜಿಗೇ ಹೋಗಿರಲಿಲ್ಲ.

"ಏ, ತೆಗೀತೀಯೋ ಇಲ್ವೋ? ನಾನು ತಂದು ಇಟ್ಟಿರೋ ಪೆಟ್ಟಿಗೆ ನೀನು!"

"ಅಪರಿಚಿತರ ಕೈಯಲ್ಲಿ ಒಂದು ವಸ್ತುವಿದೆ. ಸಾಮಾನು ತಲುಪಿಸುವವರಾದರೆ ದಯವಿಟ್ಟು ಬಾಗಿಲ ಬಳಿ ಇಟ್ಟು ಹೊರಡಿ."

ಹಾರ್ಲನ್ ಮೀನಿನ ಬಕೆಟ್ಟನ್ನು ಬಾಗಿಲ ಬಳಿ ಇಟ್ಟು ಹೊರಟ.

ಎದುರು ಮನೆಯ ಮಾರ್ಲಿಸ್ ಎಪ್ಪತ್ತು ದಾಟಿದ ಒಂಟಿ ಹೆಂಗಸು. ಇದನ್ನೆಲ್ಲ ಕಿಟಕಿಯಿಂದ ನೋಡಿ, ಆಗಲೇ ಕಾಫಿಗೆ ನೀರಿಟ್ಟಿದ್ದಳು. "ಒಳಗೆ ಬಾ, ಕಾಫಿ ಕೊಡ್ತೀನಿ" ಅಂದಳು.

"ಬೇಡ ಬೇಡ, ಏನೂ ತೊಂದ್ರೆ ತಗೋಬೇಡ" ಅಂದ ಹಾರ್ಲನ್. ಅವನ ತುಟಿ ನೀಲಿಯಾಗಿತ್ತು.

"ಒಂಚೂರು ಕುಡಿ."

"ಈಗ ತಾನೇ ಆಯ್ತು ಮಾರ್ಲಿಸ್." ಆಗಿದ್ದು ಬೆಳಿಗ್ಗೆ ಆರಕ್ಕೆ.

"ಹಾಗೇ ಹೋದ್ರೆ ನಂಗೆ ಬೇಜಾರಾಗುತ್ತೆ ನೋಡು."

"ಸರಿ, ಅರ್ಧ ಲೋಟ" ಎಂದು ಒಳಗೆ ಬಂದು ಮೂರು ಲೋಟ ಕುಡಿದ. ಲಿಂಡ್ವಿಕ್‌ನಲ್ಲಿ ಮರ್ಯಾದಸ್ಥರಾದವರು ಮೊದಲನೇ ಸಲ ಬೇಡ ಅನ್ನಬೇಕು, ಎರಡನೇ ಸಲವೂ ಬೇಡ ಅನ್ನಬೇಕು, ಮೂರನೇ ಸಲ ಒಪ್ಪಬೇಕು. ಮೊದಲನೇ ಸಲಕ್ಕೇ ಒಪ್ಪಿದವನನ್ನು ಜನ ಹಸಿದು ಬಂದವನ ಹಾಗೆ ನೋಡುತ್ತಾರೆ.

ಮಾರ್ಲಿಸ್‌ಳ ಫೋನಿನಿಂದ ಬೀಗದ ಕಂಪನಿಗೆ ಕರೆ ಹೋಯಿತು. ಎತ್ತಿದವಳು ಯೊಲಾಂಡ, ಸಾವಿರಾರು ಮೈಲಿ ದೂರದ ಅರಿಜೋನದಲ್ಲಿ ಫ್ಯಾನಿನ ಕೆಳಗೆ ಕೂತವಳು.

"ನಿಮ್ಮ ಪಾಸ್‌ವರ್ಡ್ ಹೇಳಿ ಸಾರ್."

"ನಂಗೊತ್ತಿಲ್ಲಮ್ಮ. ಫೋನ್‌ಗೆ ಗೊತ್ತಿತ್ತು."

"ಫೋನ್ ಎಲ್ಲಿದೆ?"

"ಕೆರೆ ತಳದಲ್ಲಿ."

"ಪರವಾಗಿಲ್ಲ. ಅದೇ ಫೋನ್‌ಗೆ ಆರಂಕಿ ಸಂಖ್ಯೆ ಕಳಿಸ್ತೀನಿ, ಓದಿ ಹೇಳ್ತೀರಾ?"

"ನಮ್ಮೂರ ಮೀನಿಗೆ ಓದೋಕೆ ಬರಲ್ಲ ತಾಯಿ."

ಯೊಲಾಂಡ ಕಾಗದ ನೋಡಿ ಓದುವವಳ ಹಾಗೆ ಶುರು ಮಾಡಿದಳು. "ನಿಮ್ಮ ಗುರುತಿಗೆ ಜಾಮೀನು ನಿಲ್ಲೋಕೆ ಮೂರು ಜನ ನಂಬಿಕಸ್ಥರ ಹೆಸರು ಕೊಟ್ಟಿದೀರಿ. ಮಾರ್ಲಿಸ್, ಗುನ್ನಾರ್, ಆರ್ಡಿಸ್. ಅವರ ಫೋನ್‌ಗೆ ಒಬ್ಬರಾದ ಮೇಲೆ ಒಬ್ಬರಿಗೆ ಪ್ರಶ್ನೆ ಹೋಗುತ್ತೆ. ಯಾರಾದ್ರೂ ಒಬ್ಬರು 'ಹೌದು' ಅಂದ್ರೆ ಸಾಕು, ಬಾಗಿಲು ತೆಗೆಯುತ್ತೆ..."

ಹಾರ್ಲನ್‌ಗೆ ಅಷ್ಟೇ ಬೇಕಿತ್ತು. "ಬದುಕಿಕೊಂಡೆ ತಾಯಿ" ಎಂದು ಫೋನನ್ನು ಮೇಜಿನ ಮೇಲಿಟ್ಟು ಬಿಸ್ಕತ್ತಿಗೆ ಕೈ ಹಾಕಿದ. ಯೊಲಾಂಡ ಆ ಮೇಲೂ ಏನೋ ಹೇಳುತ್ತಿದ್ದಳು. ಮೇಜು ಕೇಳಿಸಿಕೊಂಡಿತು.

ಮಾರ್ಲಿಸ್‌ಳ ಫೋನು ಟಿಣ್ ಅಂದಿತು. ಅವಳು ಕನ್ನಡಕ ಹಾಕಿಕೊಂಡು ಓದಿದಳು. "'ಹಾರ್ಲನ್ ಟ್ವೇಟ್ ಅವರು ನಿಮ್ಮನ್ನು ನಂಬಿಕಸ್ಥರೆಂದು ಆರಿಸಿದ್ದಾರೆ. ಅವರ ಗುರುತಿಗೆ ಜಾಮೀನು ನಿಲ್ಲುವಿರಾ?' ಅಯ್ಯೋ ದೇವರೇ! ನಾನ್ಯಾರಪ್ಪ ಅಷ್ಟು ದೊಡ್ಡ ಮಾತಿಗೆ? ಪಾದ್ರಿಗಳಿಲ್ವಾ, ಬ್ಯಾಂಕಿನೋರಿಲ್ವಾ?" ಎಂದು 'ಇಲ್ಲ' ಒತ್ತಿದಳು.

ಹಾರ್ಲನ್ ಗಾಬರಿಯಾಗಲಿಲ್ಲ. ಅವಳು ಮರ್ಯಾದಸ್ಥ ಮನೆತನದವಳೆಂದು ಮೆಚ್ಚಿಕೊಂಡ.

ಫೋನು ಮತ್ತೆ ಟಿಣ್ ಅಂದಿತು. "ಮತ್ತೆ ಕೇಳ್ತಿದೆ ಪಾಪ. ಎಷ್ಟು ಒಳ್ಳೇ ಕಂಪನಿ!" ಎಂದು ಮಾರ್ಲಿಸ್ ಮತ್ತೆ 'ಇಲ್ಲ' ಒತ್ತಿ, ಮೂರನೇ ಸಲಕ್ಕೆ 'ಹೌದು' ಒತ್ತಲು ಬೆರಳನ್ನು ಸಿದ್ಧವಾಗಿ ಎತ್ತಿ ಹಿಡಿದುಕೊಂಡು ಕೂತಳು. ಹಾರ್ಲನ್ ಅವಳ ಬೆರಳನ್ನೇ ನೋಡುತ್ತ ಕೂತ. ಗಡಿಯಾರ ಟಿಕ್‌ಟಿಕ್ ಅನ್ನುತ್ತಿತ್ತು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ಫೋನು ಸುಮ್ಮನಿತ್ತು.

"ಮೂರನೇ ಸಲ ಕೇಳ್ಲೇ ಇಲ್ವಲ್ಲೋ" ಅಂದಳು ಮಾರ್ಲಿಸ್, ಕಣ್ಣಲ್ಲಿ ನೀರು ತುಂಬಿಕೊಂಡು. "ಸುಮ್ನೆ ಬಾಯಿ ಮಾತಿಗೆ ಕೇಳಿದ್ದು ಅಂತಾಯ್ತು."

ಅವಳನ್ನು ಸಮಾಧಾನ ಮಾಡುತ್ತ ಕೂರುವಷ್ಟು ಹೊತ್ತಿರಲಿಲ್ಲ. ಹಾರ್ಲನ್ ಗುನ್ನಾರನ ಅಂಗಡಿಗೆ ಓಡಿದ. ಹಿಮದಲ್ಲಿ ಓಡುವುದೆಂದರೆ ಎರಡು ಹೆಜ್ಜೆ ಓಡಿ ಒಂದು ಹೆಜ್ಜೆ ಜಾರುವುದು. ಅಂಗಡಿಯಲ್ಲಿ ಗುನ್ನಾರ್ ಫೋನನ್ನು ಗಲ್ಲಾಪೆಟ್ಟಿಗೆಯ ಮೇಲೆ ನೆಟ್ಟಗೆ ನಿಲ್ಲಿಸಿ, ಕೈಕಟ್ಟಿಕೊಂಡು ಅದರ ಮುಂದೆ ನಿಂತಿದ್ದ.

"ಗುನ್ನಾರ್, ಮಾರಾಯ, ನಿಂಗೇನಾದ್ರೂ ಬಂತಾ?"

"ಬಂತಪ್ಪ, ನಿನ್ನ ಜಾಮೀನಿನ ವಿಷಯ! ನಂಗೆ ಎಷ್ಟು ಹೆಮ್ಮೆಯಾಯ್ತು ಗೊತ್ತಾ? ಎರಡು ಸಲ ಬಂತು."

"ನೀನೇನಂದೆ?"

"ಏನಂತಾರೆ? ಬೇಡ ಅಂದೆ. ಅರ್ಧ ಗಂಟೆಯಿಂದ ಮೂರನೇದಕ್ಕೆ ಕಾಯ್ತಿದೀನಿ. ಗಿರಾಕಿಗಳನ್ನೂ ವಾಪಸ್ ಕಳಿಸ್ಬಿಟ್ಟೆ."

ಹಾರ್ಲನ್ ಒಂದು ಉಪ್ಪಿನ ಮೂಟೆಯ ಮೇಲೆ ಕುಸಿದು ಕೂತು, ಗುನ್ನಾರನ ಫೋನಿನಿಂದ ಮತ್ತೆ ಯೊಲಾಂಡಳನ್ನು ಹಿಡಿದ. ಅವಳ ದನಿ ಮೊದಲಿನ ಹಾಗಿರಲಿಲ್ಲ.

"ಸಾರ್, ನಿಮ್ಮನ್ನ ಬಲ್ಲೋರು ಇಬ್ಬರು ನಾಲ್ಕು ಸಲ 'ಇಲ್ಲ' ಅಂದಿದಾರೆ. ನಿಜ ಹೇಳಿ, ನೀವ್ಯಾರು?"

"ಅಯ್ಯೋ, 'ಇಲ್ಲ' ಅಂದ್ರೆ ಇಲ್ಲ ಅಂತಲ್ಲಮ್ಮ!"

"ಮತ್ತೆ ಇನ್ನೇನು?"

"ಇನ್ನೊಂದ್ಸಲ ಕೇಳಿ ಅಂತ."

"ಎರಡನೇ 'ಇಲ್ಲ'?"

"ಅದು ಇನ್ನೇನು ಹತ್ತಿರ ಬಂತು ಅಂತ."

"ಸಾರ್, ನಮ್ಮ ಕಂಪನೀಲಿ 'ಇಲ್ಲ' ಅಂದ್ರೆ ಇಲ್ಲ. ಆಗ್ಲೇ ಹೇಳಿದ್ನಲ್ಲ, ಒಬ್ಬೊಬ್ಬರನ್ನ ಕೇಳೋದು ಎರಡೇ ಸಲ. ಒಟ್ಟು ಐದು 'ಇಲ್ಲ' ಬಂದ್ರೆ ಮೂವತ್ತು ದಿನ ಬಾಗಿಲು ಯಾರಿಗೂ ತೆಗೆಯಲ್ಲ. ನಾಲ್ಕಾಗಿದೆ, ಅದಕ್ಕೇ ಮುಂದಿನ ಪ್ರಶ್ನೆ ತಡೆದಿಟ್ಟಿದೀವಿ. ಉಳಿದಿರೋದು ಆರ್ಡಿಸ್ ಅನ್ನೋರು ಒಬ್ಬರೇ. ಅವರಿಗೆ ಪ್ರಶ್ನೆ ಕಳಿಸಲಾ?"

"ಬೇಡ!" ಎಂದು ಹಾರ್ಲನ್, ಗುನ್ನಾರ್ ಇಬ್ಬರೂ ಒಟ್ಟಿಗೆ ಕಿರುಚಿದರು.

ಅವರು ಯಾಕೆ ಕಿರುಚಿದರೆಂಬುದು ಆ ಊರಿನ ಮಕ್ಕಳಿಗೂ ಗೊತ್ತು. ಆರ್ಡಿಸ್ ಎಂಬ ಹೆಂಗಸು ಹುಟ್ಟಿದಾಗಿನಿಂದ ಯಾವುದಕ್ಕೂ ಮೊದಲನೇ ಸಲಕ್ಕೆ ಹೂಂ ಅಂದವಳಲ್ಲ. ಮದುವೆಯ ದಿನ ಪಾದ್ರಿಗಳು "ಈತನನ್ನು ಪತಿಯಾಗಿ ಸ್ವೀಕರಿಸುವೆಯಾ?" ಎಂದಾಗ ಆಕೆಯ ಬಾಯಿಂದ "ಅಯ್ಯೋ, ಪರವಾಗಿಲ್ಲ" ಎಂದೇ ಬಂದದ್ದು. ಪಾದ್ರಿಗಳು ಊರಿನವರೇ ಆದ್ದರಿಂದ, ಬೇಸರಿಸದೆ ಮತ್ತೆರಡು ಸಲ ಕೇಳಿದರು.

"ಅವಳು ಬಂದ್ಮೇಲೆ ಕಳಿಸಿದ್ರಾಯ್ತು, ತಾಯಿ. ಮಾರ್ಲಿಸ್ ಫೋನ್ ಮಾಡಿ ಹೇಳ್ತಾಳೆ" ಎಂದು ಹಾರ್ಲನ್ ಫೋನಿಟ್ಟು ಮನೆ ಕಡೆ ಓಡಿದ.

ಅಲ್ಲಿ ಪೊಲೀಸ್ ಜೀಪು ನಿಂತಿತ್ತು. ನಾಲ್ಕನೇ 'ಇಲ್ಲ' ಬಿದ್ದ ಕೂಡಲೇ ಮನೆ ತಾನಾಗಿ ಕೌಂಟಿಯ ಠಾಣೆಗೆ ದೂರು ಕೊಟ್ಟಿತ್ತು. ಜೀಪಿನಿಂದ ಇಳಿದವನು ವೆಂಡಲ್, ಚಿಕ್ಕಂದಿನಲ್ಲಿ ಹಾರ್ಲನ್‌ನಿಂದಲೇ ಗಾಳ ಹಾಕಲು ಕಲಿತ ಹುಡುಗ, ಈಗ ಮೂರು ಮಕ್ಕಳ ತಂದೆ.

"ಹಾರ್ಲನ್, ಒಳ್ಳೇ ಹೊತ್ತಿಗೆ ಬಂದ್ರಿ" ಅಂದ ವೆಂಡಲ್, ದನಿ ತಗ್ಗಿಸಿ. "ಯಾರೋ ಗಡ್ಡದೋನು ನಿಮ್ಮ ಹೆಸರು ಹೇಳ್ಕೊಂಡು ಮನೆಗೆ ನುಗ್ಗೋಕೆ ನೋಡ್ತಿದಾನಂತೆ. ಈ ಕಡೆ ಎಲ್ಲಾದ್ರೂ ನೋಡಿದ್ರಾ?"

"ಅದು ನಾನೇ ಕಣೋ."

ವೆಂಡಲ್ ಜೇಬಿನಿಂದ ನೋಟ್‌ಪುಸ್ತಕ ತೆಗೆದ. "ಹಾಗಾದ್ರೆ ನಿಮ್ಮನ್ನ ಹಿಡಿದುಕೊಡಬೇಕಾದೋರು ನೀವೇ ಆಗ್ತೀರಲ್ಲ. ಗುರುತಿನ ಚೀಟಿ ಏನಾದ್ರೂ ಇದೆಯಾ?"

"ಒಳಗಿದೆ."

"ಬರ್ಕೋತೀನಿ. 'ಗುರುತಿನ ಚೀಟಿ ಮನೆಯೊಳಗಿದೆ ಎಂದು ಹೇಳಿಕೊಳ್ಳುತ್ತಾನೆ.' ಬೇಜಾರು ಮಾಡ್ಕೋಬೇಡಿ, ಬರೀಲೇಬೇಕು. ನಿಮ್ಮ ಪರವಾಗಿ ನಾನೇ ಫೋನ್ ಮಾಡಿ ಹೇಳ್ಲಾ?"

ಹೇಳಿದ. ಯೊಲಾಂಡ ಪಟ್ಟಿ ನೋಡಿ, ನಂಬಿಕಸ್ಥರಲ್ಲಿ ವೆಂಡಲ್ ಎಂಬ ಹೆಸರಿಲ್ಲ ಅಂದಳು. ವೆಂಡಲ್ ಫೋನನ್ನು ನಿಧಾನವಾಗಿ ಕೆಳಗಿಳಿಸಿದ. "ನನ್ನ ಹೆಸರು ಹಾಕಿಲ್ವಾ ಹಾರ್ಲನ್?"

"ಹಾಕೋಣ ಅಂತಲೇ ಇದ್ದೆ ಕಣೋ. ನೀನು ಬೇಡ ಅಂತೀಯ ಅಂದ್ಕೊಂಡೆ."

"ಅಂತಿದ್ದೆ. ಆದ್ರೆ ಕೇಳ್ಬಹುದಿತ್ತಲ್ಲ" ಎಂದು ವೆಂಡಲ್ ಜೀಪಿಗೆ ಒರಗಿ ದೂರ ನೋಡಿದ.

ನಾಲ್ಕೂವರೆಗೆ ಅತಿಥಿಗಳು ಬರತೊಡಗಿದರು. ಒಬ್ಬೊಬ್ಬರ ಕೈಯಲ್ಲೂ ಬಟ್ಟೆ ಸುತ್ತಿದ ಬಿಸಿ ಪಾತ್ರೆ, ಒಳಗೆ ಆ ಕಡೆಯವರು ಹಾಟ್‌ಡಿಶ್ ಅನ್ನುವ, ಮೇಲೆ ಆಲೂಗಡ್ಡೆ ಮುಚ್ಚಿ ಬೇಯಿಸಿದ ಮಾಂಸದ ಅಡುಗೆ. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿ. ಮೂವತ್ತು ಜನ ಅಂಗಳದಲ್ಲಿ ಸಾಲಾಗಿ ನಿಂತು, "ಚಳಿ ಅಂಥದ್ದೇನಿಲ್ಲ", "ಗಾಳಿ ಇದ್ದಿದ್ರೆ ಕಷ್ಟವಾಗ್ತಿತ್ತು", "ಹೋದ ವರ್ಷಕ್ಕಿಂತ ಎಷ್ಟೋ ವಾಸಿ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಮಾರ್ಲಿಸ್ ಎಲ್ಲರನ್ನೂ ತನ್ನ ಮನೆಗೆ ಕರೆದಳು, ಎಲ್ಲರೂ ಬೇಡ ಅಂದರು. ಎರಡನೇ ಸಲ ಕರೆದಳು, ಬೇಡ ಅಂದರು. ಅವಳು ಮೂರನೇ ಸಲ ಕರೆಯಲು ಬಾಯಿ ತೆಗೆಯುವಷ್ಟರಲ್ಲಿ ಒಳಗಿನಿಂದ ದನಿ ಕೇಳಿತು.

"ಅಡುಗೆ ಸಿದ್ಧವಾಗಿದೆ. ಬಿಸಿಯಾಗಿರುವಾಗಲೇ ಸವಿಯಿರಿ."

ಬಾಗಿಲ ಸಂದಿಯಿಂದ ಜೇನು, ಲವಂಗದ ಘಮ ಹೊರಬಂತು. ಮೂವತ್ತು ಮೂಗುಗಳು ಒಟ್ಟಿಗೆ ಬಾಗಿಲ ಕಡೆ ತಿರುಗಿದವು.

ಅಷ್ಟರಲ್ಲಿ ಲೋವೆಲ್‌ನ ಕಾರು ಬಂತು. ಇಳಿದವನು ಜನರನ್ನು ನೋಡಿದ, ಪೊಲೀಸ್ ಜೀಪು ನೋಡಿದ, ಭಾವನನ್ನು ನೋಡಿದ. "ಮನೆ ಹೊರಗಿಂದ ತುಂಬ ಚೆನ್ನಾಗಿ ಕಾಣುತ್ತೆ ಭಾವ" ಅಂದ.

ಅಂಗಡಿ ಮುಚ್ಚಿ ಬಂದಿದ್ದ ಗುನ್ನಾರನೇ ನಡೆದದ್ದನ್ನೆಲ್ಲ ಹೇಳಿದ. ಲೋವೆಲ್ ನಕ್ಕು ನಕ್ಕು, ಕಣ್ಣೀರು ರೆಪ್ಪೆಯ ಮೇಲೆ ಹೆಪ್ಪುಗಟ್ಟುವಷ್ಟು ನಕ್ಕು, ಕಡೆಗೆ ಒಂದು ಬುದ್ಧಿವಂತ ಪ್ರಶ್ನೆ ಕೇಳಿದ. "ಇದಕ್ಕೆಲ್ಲ ಜಾಮೀನು ಯಾಕೆ? ಅಕ್ಕ ಬಂದು ಅವಳ ಫೋನಿಂದ ತೆಗೀತಾಳೆ. ಮನೆಯೋರ ಪಟ್ಟೀಲಿ ಅವಳೂ ಇರ್ತಾಳಲ್ಲ?"

ಹಾರ್ಲನ್ ತನ್ನ ಬೂಟುಗಳನ್ನು ನೋಡಿಕೊಂಡ. "ಅವಳು ಆ ಪಟ್ಟೀಲಿಲ್ಲ."

"ಮತ್ತೆ ಇಷ್ಟು ದಿನ ಒಳಗೆ ಹೇಗೆ ಹೋಗ್ತಿದ್ಲು?"

"ಗಂಟೆ ಒತ್ತುತಿದ್ಲು. ನಾನು ಫೋನಿಂದ ತೆಗೀತಿದ್ದೆ."

"ತನ್ನ ಮನೆಗೇ? ಏಳು ವಾರ?" ಎಂದಳು ಮಾರ್ಲಿಸ್.

"ಸೇರ್ಕೋ ಅಂತ ಕೇಳಿದ್ದೆ ಮಾರ್ಲಿಸ್! 'ನಂಗ್ಯಾಕೆ ಅದೆಲ್ಲ, ಪರವಾಗಿಲ್ಲ' ಅಂದ್ಲು."

"ಎಷ್ಟು ಸಲ ಕೇಳ್ದೆ?"

ಎಲ್ಲರೂ ಹತ್ತಿರ ಸರಿದರು. ಜೀಪಿನ ಹತ್ತಿರವಿದ್ದ ವೆಂಡಲ್ ಕೂಡ ಎರಡು ಹೆಜ್ಜೆ ಮುಂದೆ ಬಂದ.

"ಎರಡು" ಅಂದ ಹಾರ್ಲನ್. "ಆಮೇಲೆ ಫುಟ್ಬಾಲ್ ಪಂದ್ಯ ಶುರುವಾಗೋಯ್ತು."

ಯಾರೋ "ಅಯ್ಯಯ್ಯೋ" ಅಂದರು. ಯಾರದೋ ಕೈಯಿಂದ ಪಾತ್ರೆಯ ಮುಚ್ಚಳ ಬಿತ್ತು. ಬಾಗಿಲು ಹಾಕಿಕೊಂಡದ್ದು, ಪೊಲೀಸರು ಬಂದದ್ದು ಎಲ್ಲ ಸಹಿಸಬಹುದಾಗಿತ್ತು. ಕಟ್ಟಿಕೊಂಡ ಹೆಂಡತಿಯನ್ನು ಎರಡೇ ಸಲ ಕೇಳಿ ಸುಮ್ಮನಾದ ಗಂಡಸನ್ನು ಲಿಂಡ್ವಿಕ್ ಈವರೆಗೆ ಕಂಡಿರಲಿಲ್ಲ. ಎರಡೂ ಕೈಯಲ್ಲಿ ಸಾಮಾನಿನ ಚೀಲ ಹಿಡಿದು, ಮೊಣಕೈಯಿಂದ ಗಂಟೆ ಒತ್ತಿ, ತನ್ನದೇ ಮನೆಯ ಮುಂದೆ ಕಾಯುತ್ತ ನಿಲ್ಲುತ್ತಿದ್ದ ಆರ್ಡಿಸ್ ಆಗ ಹಾರ್ಲನ್‌ನ ಕಣ್ಣ ಮುಂದೆ ಬಂದಳು. ಅವಳು ಏಳು ವಾರ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಸರಿಯಾಗಿ ಐದಕ್ಕೆ ಅವಳ ಕಾರು ತಿರುವಿನಲ್ಲಿ ಕಾಣಿಸಿತು. ಗುನ್ನಾರ್ ಹಾರ್ಲನ್‌ನ ತೋಳು ಹಿಡಿದ. "ಏನ್ಮಾಡ್ತೀಯೋ? ಫೋನ್ ಟಿಣ್ ಅಂದ ಕೂಡ್ಲೇ 'ಇಲ್ಲ' ಒತ್ತಿಬಿಡ್ತಾಳೆ. ಅವಳ ಬೆರಳಿಗೆ ಅದೇ ಅಭ್ಯಾಸ."

ಆಗ, ಆ ದಿನವಿಡೀ ಏನೂ ಹೊಳೆಯದಿದ್ದ ಹಾರ್ಲನ್‌ನ ತಲೆಗೆ ಒಂದು ಉಪಾಯ ಹೊಳೆಯಿತು. "ಮಾರ್ಲಿಸ್, ಯೊಲಾಂಡಳನ್ನ ಲೈನಲ್ಲಿಟ್ಕೊಂಡಿರು. ನಾನು ಟೋಪಿ ತೆಗೆದಾಗ ಪ್ರಶ್ನೆ ಕಳಿಸು ಅನ್ನು. ಅದಕ್ಕೆ ಮುಂಚೆ ಬೇಡ. ಎರಡು 'ಬೇಡ'ಗಳನ್ನ ಬಾಯಲ್ಲೇ ಖರ್ಚು ಮಾಡಿಸ್ಬಿಡ್ತೀನಿ!"

ಆರ್ಡಿಸ್ ಕಾರಿನಿಂದ ಇಳಿದು, ಮೂವತ್ತು ಜನರನ್ನೂ ಪೊಲೀಸನನ್ನೂ ನೋಡಿ ಎದೆ ಹಿಡಿದುಕೊಂಡಳು. "ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನಮಗೆ ನಲವತ್ತು ವರ್ಷ ಆಯ್ತು" ಅಂದ ಹಾರ್ಲನ್. "ಊಟ ಒಳಗಿದೆ, ನಾವು ಹೊರಗಿದೀವಿ. ಫೋನ್ ಕೆರೆಗೆ ಬಿತ್ತು. ನಾನು ಹಾರ್ಲನ್ ಅಂತ ಯಾರಾದ್ರೂ ಹೇಳಿದ್ರೇನೇ ಬಾಗಿಲು ತೆಗೆಯೋದು. ಆರ್ಡಿಸ್, ನನ್ನ ಗುರುತಿಗೆ ಜಾಮೀನು ನಿಲ್ತೀಯಾ?"

"ಅಯ್ಯೋ, ನಂಗ್ಯಾಕೆ ಅದೆಲ್ಲ? ಗುನ್ನಾರ್‌ನ ಕೇಳು."

"ಒಂದು" ಎಂದು ಜನ ಉಸಿರಿನಲ್ಲೇ ಎಣಿಸಿದರು.

"ಗುನ್ನಾರ್ ಆಗಲ್ಲ. ನೀನೇ ಆಗ್ಬೇಕು."

"ಬೇಡ ಬೇಡ. ಇಷ್ಟು ಜನ ದೊಡ್ಡೋರಿರುವಾಗ ನಾನ್ಯಾಕೆ ಮುಂದೆ ಬರ್ಲಿ?"

"ಎರಡು!" ಈ ಸಲ ಸ್ವಲ್ಪ ಜೋರಾಗಿಯೇ ಕೇಳಿತು.

ಹಾರ್ಲನ್ ಟೋಪಿ ತೆಗೆದ. ಮಾರ್ಲಿಸ್ ಫೋನಿಗೆ ಏನೋ ಪಿಸುಗುಟ್ಟಿದಳು. ಆರ್ಡಿಸ್‌ಳ ಜೇಬಿನಲ್ಲಿ ಟಿಣ್ ಎಂದಿತು. ಅವಳು ಫೋನು ತೆಗೆದು ಹಿಡಿದಳು, ಬೆರಳು ತನ್ನ ಅಭ್ಯಾಸದ ಕಡೆಗೆ ಹೊರಟಿತು.

"ಆರ್ಡಿಸ್" ಅಂದ ಹಾರ್ಲನ್, ಅವಸರದಲ್ಲಿ. "ಪಟ್ಟಿಗೆ ಸೇರ್ಕೋ ಅಂತ ಅವತ್ತು ನಿನ್ನ ಮೂರನೇ ಸಲ ಕೇಳ್ಬೇಕಿತ್ತು. ಕೇಳ್ಲಿಲ್ಲ. ನಿನ್ನನ್ನ ನಿನ್ನ ಮನೆ ಬಾಗಿಲಲ್ಲೇ ನಿಲ್ಲಿಸಿದೆ. ತಪ್ಪಾಯ್ತು. ಈಗ ಕೇಳ್ತಿದೀನಿ, ಇದು ಮೂರನೇ ಸಲ. ನಿಲ್ತೀಯಾ?"

ಆರ್ಡಿಸ್ ಅವನ ಬೋಳು ತಲೆ ನೋಡಿದಳು, ಗಡ್ಡದ ಮಂಜು ನೋಡಿದಳು, ಬಾಗಿಲ ಬಳಿ ಬಕೆಟ್ಟಿನಲ್ಲಿ ಕಲ್ಲಿನಂತೆ ಸೆಟೆದುಕೊಂಡ ವಾಲೈ ಮೀನು ನೋಡಿದಳು.

"ನೀನು ಅಷ್ಟೊಂದು ಹೇಳ್ತೀಯ ಅಂದ್ರೆ..." ಎಂದು 'ಹೌದು' ಒತ್ತಿದಳು.

ಬೀಗ ಕಟಕ್ಕೆಂದಿತು. ಜನ ಪಾತ್ರೆಗಳನ್ನು ಎತ್ತಿ ಹಿಡಿದು ಕೂಗಿದರು. ವೆಂಡಲ್ ಜೀಪಿನ ಸೈರನ್ ಹೊಡೆದ. ಆಮೇಲೆ ಎಲ್ಲರೂ "ನೀವು ಮೊದಲು", "ಛೆ, ನೀವು ಮೊದಲು" ಎನ್ನುತ್ತ ಮೆಟ್ಟಿಲ ಕೆಳಗೇ ನಿಂತರು.

ಆ ಗಲಾಟೆಯ ನಡುವೆ ಆರ್ಡಿಸ್‌ಳ ಫೋನು ಮತ್ತೊಂದು ಸಲ ಟಿಣ್ ಅಂದಿತು. ಅವಳು ಗಟ್ಟಿಯಾಗಿ ಓದಿದಳು. "'ಈ ಮನೆಯ ಮಾಲೀಕರ ಗುರುತನ್ನು ಇಂದು ನಾಲ್ಕು ಸಲ ನಿರಾಕರಿಸಲಾಗಿದೆ. ಸುರಕ್ಷತೆಗಾಗಿ ಮಾಲೀಕತ್ವವನ್ನು ನಿಮ್ಮ ಹೆಸರಿಗೆ ಬದಲಾಯಿಸಲು ಸೂಚಿಸುತ್ತೇವೆ. ಒಪ್ಪುವಿರಾ?'"

"ಅವಸರ ಏನಿಲ್ಲ ಆರ್ಡಿಸ್" ಅಂದ ಹಾರ್ಲನ್. "ನಿಧಾನವಾಗಿ ಯೋಚನೆ ಮಾಡು. ಹೇಗೂ ಇನ್ನೊಂದ್ಸಲ..."

ಆರ್ಡಿಸ್ ಒತ್ತಿಯಾಗಿತ್ತು. ಮೂವತ್ತು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಗುನ್ನಾರ್ ಟೋಪಿ ತೆಗೆದು ಎದೆಗಿಟ್ಟುಕೊಂಡ.

"ಮೊದಲನೇ ಸಲಕ್ಕೇನಾ ಅಕ್ಕ?" ಎಂದ ಲೋವೆಲ್.

"ಏಳು ವಾರ ಕಾದಿದ್ದೆ" ಎಂದಳು ಆರ್ಡಿಸ್.

"ಸುಸ್ವಾಗತ, ಆರ್ಡಿಸ್" ಎಂದಿತು ಮನೆ. "ನಿಮ್ಮ ಪಕ್ಕದಲ್ಲಿ ಅಪರಿಚಿತರೊಬ್ಬರು ನಿಂತಿದ್ದಾರೆ. ಅವರನ್ನು ಒಳಗೆ ಬಿಡಬೇಕೇ?"

ಆರ್ಡಿಸ್ ಗಂಡನನ್ನು ಮೇಲಿಂದ ಕೆಳಗೆ ನಿಧಾನವಾಗಿ ನೋಡಿದಳು. "ಬೇಡ" ಅಂದಳು.

ಜನ ಹೋ ಎಂದು ನಕ್ಕರು. ಹಾರ್ಲನ್ ಮಾತ್ರ ನಗಲಿಲ್ಲ. "ಆರ್ಡಿಸ್! ಇದು ಎರಡೇ ಸಲ ಕೇಳೋದು ಕಣೇ! ಮೂರನೇ ಸಲ ಇಲ್ಲ!"

"ಅವರನ್ನು ಒಳಗೆ ಬಿಡಬೇಕೇ?" ಎಂದು ಮನೆ ಮತ್ತೆ ಕೇಳಿತು.

ಆರ್ಡಿಸ್ ಮೀನಿನ ಬಕೆಟ್ಟನ್ನು ಒಂದು ಕೈಯಲ್ಲೆತ್ತಿಕೊಂಡಳು, ಇನ್ನೊಂದು ಕೈಯಲ್ಲಿ ಅವನ ತೋಳು ಹಿಡಿದಳು. ಅವಳ ಕೈ ಬೆಚ್ಚಗಿತ್ತು.

"ಹೂಂ, ಬಿಡು" ಅಂದಳು. "ಇವನು ನಮ್ಮೋನೇ."